ಮೂಗುತಿಗೆ ಕೈ ಹಾಕುವವರು ಯಾರು?

ನಮ್ಮ ಶೆಡ್ಡಿನಲ್ಲಿ ಒಂದು ದಿನ ನೆಟ್ಟಗೆ ಕಳೆಯಿತು ಅನ್ನುವ ಹಾಗಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಇವತ್ತಾದರೂ ಏನೂ ಆಗದೆ ಇರಲಿ ಸ್ವಾಮಿ ಎಂದು ಕೈ ಮುಗಿದೇ ಹೋಗುತ್ತೇನೆ. ಟೀ ಹೊತ್ತಿಗೆ ಏನಾದರೊಂದು ಆಗಿಯೇ ಇರುತ್ತದೆ.

ಶೆಡ್ಡು ಎಂದೆನಲ್ಲ, ಅದರ ಸಂಗತಿ ಮೊದಲು ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಹಿಂದೆಯೇ ನನ್ನ ಪವರ್‌ಲೂಮ್ ಶೆಡ್ಡು ಇತ್ತು. ವಯಸ್ಸಾಯಿತೆಂದು ಮಗ್ಗಗಳನ್ನು ಮಾರಿದೆ. ಮಗ್ಗದ ಸದ್ದು ನಿಂತದ್ದೇ ತಡ, ನನಗೊಂದು ಕಾಯಿಲೆ ಅಂಟಿಕೊಂಡಿತು. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಊಟದ ನಡುವೆ ಎದ್ದು ಬಾಗಿಲ ತನಕ ಹೋಗಿ, ಯಾಕೆ ಬಂದೆ ಎಂದು ತಿಳಿಯದೆ ಮತ್ತೆ ಬಂದು ತಟ್ಟೆಯ ಮುಂದೆ ಕೂರುತ್ತಿದ್ದೆ. ನನ್ನ ಹೆಂಡತಿ ನೋಡುವಷ್ಟು ನೋಡಿ ಹೇಳಿದಳು: "ಮಗ್ಗ ಎಲ್ಲಾ ಮಾರಿದ್ರಿ, ಲಾಳಿ ಒಂದನ್ನ ಮಾತ್ರ ಹೊಟ್ಟೆಯೊಳಗೇ ಇಟ್ಕೊಂಡಿದ್ದೀರಿ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ."

ಅಂಥ ಹೊತ್ತಿಗೆ ಶೆಡ್ಡು ಬಾಡಿಗೆಗೆ ಕೇಳಿಕೊಂಡು ಒಬ್ಬ ಹೆಣ್ಣುಮಗಳು ಬಂದರು. ಹೊಸಕೋಟೆ ತವರು, ನಮ್ಮೂರಿನ ಸೊಸೆ, ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ಬೆಂಗಳೂರಿನಲ್ಲಿ ಇದ್ದ ನೌಕರಿ ಬಿಟ್ಟು ಸ್ವಂತ ಕೆಲಸ ಶುರು ಮಾಡಿದ್ದರು. ಏನು ಕೆಲಸ ತಾಯಿ ಎಂದು ಕೇಳಿದೆ.

"ಹಳೇ ಕಂಪ್ಯೂಟರ್ ಆಟಗಳು ಅಣ್ಣಾ. ಒಬ್ಬ ಸಾಹಸ ಮಾಡೋಕೆ ಹೋಗ್ತಾನೆ, ದಾರೀಲಿ ಸಿಕ್ಕಿದ ಸಾಮಾನು ಎತ್ಕೋತಾನೆ, ಬೀಗ ತೆಗೀತಾನೆ, ಮುಂದೆ ಹೋಗ್ತಾನೆ. ಆಗಿನ ಆಟ ಈಗಿನ ಕಂಪ್ಯೂಟರಲ್ಲಿ ಓಡಲ್ಲ. ಮಾಡಿದೋರ ಹತ್ರ ಒಪ್ಪಿಗೆ ತಗೊಂಡು, ರಿಪೇರಿ ಮಾಡಿ, ಮತ್ತೆ ಮಾರ್ತೀವಿ."

ಕಂಪ್ಯೂಟರ್ ಅಂದರೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೂ ಸದ್ದು ಕೇಳದ ಶೆಡ್ಡಿಗಿಂತ ಮೌಸಿನ ಟಿಕ್ ಟಿಕ್ ಆದರೂ ಕೇಳುವ ಶೆಡ್ಡು ಮೇಲು ಎಂದು ಒಪ್ಪಿದೆ. ಫ್ಯಾನ್ ಸರಿಯಾಗಿದೆಯಾ, ನಲ್ಲಿಯಲ್ಲಿ ನೀರು ಬರುತ್ತಿದೆಯಾ ಎಂದು ನೆವ ಮಾಡಿಕೊಂಡು ದಿನಾ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಆ ಹೆಣ್ಣುಮಗಳು, ಅಂದರೆ ನಮ್ಮ ಮೇಡಂ, ಆಟವೊಂದನ್ನು ನನ್ನ ಮುಂದಿಟ್ಟರು. ದೊಡ್ಡಬೆಳವಂಗಲದ ಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಅಕ್ಷರದ ಕೆಳಗೆ ಬೆರಳಿಟ್ಟು ಓದಿಸಿದ್ದರು. ನಾನು ಹಾಗೆಯೇ ಪರದೆಯ ಮೇಲೆ ಬೆರಳಿಟ್ಟು, ಇದ್ದದ್ದನ್ನೆಲ್ಲ ಓದಿ, ಆಮೇಲೆ ಒಂದು ಹೆಜ್ಜೆ ನಡೆಸಿದೆ. ಮೇಡಂ ಅಲ್ಲೇ ಹೇಳಿದರು: "ನಾವು ಆಡಿದ್ರೆ ಓಡಿಬಿಡ್ತೀವಿ, ತಪ್ಪು ಕಣ್ಣಿಗೆ ಬೀಳಲ್ಲ. ನಿಮ್ಮಂಥೋರೇ ಬೇಕು. ಟೆಸ್ಟರ್ ಆಗಿಬಿಡಿ ಅಣ್ಣಾ." ಹೀಗೆ ನನ್ನ ಶೆಡ್ಡಿನಲ್ಲಿ ನಾನೇ ಕೆಲಸಕ್ಕೆ ಸೇರಿದೆ.

ಆದರೆ ಮೊದಲು ಬಿಟ್ಟ ಎರಡು ಆಟಗಳೂ ಜನರ ಮನೆಯಲ್ಲಿ ಅರ್ಧಕ್ಕೇ ನಿಂತುಬಿಟ್ಟವು. ಮೂರನೆಯದಕ್ಕೆ ಕೈ ಹಾಕುವಾಗ ಮೇಡಂ ನೇರವಾಗಿಯೇ ಹೇಳಿದರು. "ಇದೂ ಮಲಗಿದ್ರೆ ಶೆಡ್ಡಿಗೆ ಬೀಗ ಅಣ್ಣಾ. ನಾನು ಮತ್ತೆ ಬೆಂಗಳೂರು ಬಸ್ಸು ಹತ್ತಬೇಕಾಗುತ್ತೆ."

ಅವತ್ತು ರಾತ್ರಿ ಊಟದ ನಡುವೆ ಬಾಗಿಲಿನ ತನಕ ಹೋಗಿ ಬಂದೆ.

ಕುಂಕುಮ

ಆ ಮೂರನೆಯದೇ ಕೋಟೆ ಆಟ. ಬರೆದವರು ಆವತಿಯ ಒಬ್ಬ ಹಿರಿಯರು. ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಂಪ್ಯೂಟರನ್ನು ಜನ ದೂರ ನಿಂತು ನೋಡುತ್ತಿದ್ದ ಕಾಲದಲ್ಲಿ, ರಜೆಯ ದಿನಗಳಲ್ಲಿ ಮನೆಯಲ್ಲಿ ಕೂತು, ಕನ್ನಡದಲ್ಲೇ ಆಟ ಕಟ್ಟಿದ್ದರು. ಬೆಟ್ಟದ ಮೇಲೆ ಪಾಳುಬಿದ್ದ ಕೋಟೆ. ಕೋಟೆಯೊಳಗೆ ತುಂಬಿದ ಕೊಳ. ಬೆಟ್ಟದ ಕೆಳಗೆ ನೀರಿಲ್ಲದ ಊರು. ಕೊಳದ ತೂಬಿಗೆ ಯಾವ ಕಾಲದಲ್ಲೋ ಬೀಗ ಬಿದ್ದಿದೆ. ಆಟದ ಹುಡುಗ ಆ ಬೀಗ ತೆಗೆದು ಊರಿಗೆ ನೀರು ಬಿಡಬೇಕು.

ಆಟ ಎರಡು ಫ್ಲಾಪಿಯಲ್ಲಿತ್ತು. ಮೊದಲನೆಯದು ಕೈಯಿಂದ ಕೈಗೆ ನಕಲಾಗಿ ಎಲ್ಲೆಲ್ಲೋ ಹೋಗಿತ್ತು. ಎರಡನೆಯದನ್ನು ಯಾರೂ ನಕಲು ಮಾಡಿಕೊಂಡಿರಲಿಲ್ಲ. ಹಾಗಾಗಿ ಅವತ್ತು ಚಿಕ್ಕವರಾಗಿ ಆಡಿದವರೆಲ್ಲ ಈಗ ತಲೆ ನರೆತರೂ, ಕೊನೆಗೆ ನೀರು ಬಂತೋ ಇಲ್ಲವೋ ಎಂದು ಕೇಳುತ್ತಲೇ ಇದ್ದರು. ಮೇಡಂಗೆ ಈ ಆಟದ ಮೇಲೆ ಆಸೆ ಹುಟ್ಟಿದ್ದೂ ಅದಕ್ಕೇ.

ನಾವು ಆವತಿಗೆ ಹೋದೆವು. ಮೇಡಂ, ನಾನು, ಜೊತೆಗೆ ನಮ್ಮ ಇಂಜಿನಿಯರು. ಇವನು ನೆಲಮಂಗಲದವನು, ಮೂವತ್ತರ ಆಸುಪಾಸು. ಕಂಡವರನ್ನೆಲ್ಲ ಗುರು ಅನ್ನುವವನು. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಗುರುಗಳೇ ಅನ್ನುತ್ತಿದ್ದ.

ಹಿರಿಯರು ಎರಡನೆಯ ಫ್ಲಾಪಿಯನ್ನು ದೇವರ ಮನೆಯಿಂದ, ತಟ್ಟೆಯಲ್ಲಿಟ್ಟುಕೊಂಡು ತಂದರು. ವರ್ಷಾ ವರ್ಷ ಆಯುಧಪೂಜೆಗೆ ಇಟ್ಟು ಪೂಜೆ ಮಾಡಿದ್ದರಂತೆ. ಅರಿಶಿನ, ಕುಂಕುಮ, ಗಂಧ ಒಂದರ ಮೇಲೊಂದು ಪದರ ಕಟ್ಟಿತ್ತು. ಇಂಜಿನಿಯರು ಎರಡೂ ಕೈಯಲ್ಲಿ ತೆಗೆದುಕೊಂಡು ಕೇಳಿದ:

"ಸಾರ್, ಇದು ಫ್ಲಾಪಿನಾ, ಪ್ರಸಾದಾನಾ?"

"ಪೂಜೆ ಮಾಡಿದ್ದಕ್ಕೇ ಅಲ್ವೇನಪ್ಪಾ ಇಷ್ಟು ವರ್ಷ ಉಳ್ಕೊಂಡಿರೋದು?" ಅಂದರು ಹಿರಿಯರು.

"ಉಳ್ಕೊಂಡಿದೆ ಸಾರ್. ಓದುತ್ತಾ ನೋಡ್ಬೇಕು."

ಹಿರಿಯರದ್ದು ಒಂದೇ ಷರತ್ತು. ಹೊಸ ಕಂಪ್ಯೂಟರಿನಲ್ಲಿ ನೀರು ಬರುವುದನ್ನು ಅವರು ಕಣ್ಣಾರೆ ನೋಡಬೇಕು, ಆಮೇಲೆ ಸಹಿ.

ಶೆಡ್ಡಿಗೆ ಬಂದು ಇಂಜಿನಿಯರು ಫ್ಲಾಪಿಯನ್ನು ಹತ್ತಿಯಲ್ಲಿ ಒರೆಸುತ್ತಾ ಕೂತ. ಆ ಹತ್ತಿಯನ್ನು ಕಸದ ಬುಟ್ಟಿಗೆ ಹಾಕಲು ಹೋದವನ ಕೈ ಹಿಡಿದು ತುಳಸಿ ಗಿಡದ ಬುಡಕ್ಕೆ ಹಾಕಿಸಿದೆ. ಫ್ಲಾಪಿ ಓದುವ ಹಳೇ ಡ್ರೈವ್ ನಮ್ಮ ಹತ್ತಿರ ಒಂದೇ ಇತ್ತು. ಅದು ಕೆಮ್ಮಿತು, ನರಳಿತು, ತಡೆದು ತಡೆದು ಓದಿತು. ಆಟವೆಲ್ಲ ಈಚೆ ಬಂತು ಎಂದು ಇಂಜಿನಿಯರು ಕೈ ಎತ್ತಿದ ಗಳಿಗೆಯಲ್ಲೇ ಒಂದು ಉಸಿರು ಬಿಟ್ಟು ನಿಂತುಹೋಯಿತು. ಎಷ್ಟು ತಟ್ಟಿದರೂ ಏಳಲಿಲ್ಲ. ಬಿಚ್ಚಿ ನೋಡಿದರೆ ಒಳಗೆಲ್ಲ ಕೆಂಪಗೆ ಕುಂಕುಮ.

ಟೀ ತಂದಿದ್ದ ನನ್ನ ಹೆಂಡತಿ ಬಗ್ಗಿ ನೋಡಿದಳು. ಲೋಟ ಕೆಳಗಿಟ್ಟು ಕೈ ಮುಗಿದಳು.

"ಕೆಲಸ ಎಲ್ಲಾ ಮುಗಿಸಿ, ಅರಿಶಿನ ಕುಂಕುಮದಲ್ಲಿ ಹೋಗಿದೆ. ಮುತ್ತೈದೆ ಸಾವು ಕಣ್ರೀ. ಎಲ್ಲರಿಗೂ ಸಿಗಲ್ಲ."

ಪೂಜಾರಿಯ ಓಟ

ಆಗಿನ ಕಂಪ್ಯೂಟರು ನಿಧಾನ. ಆ ನಿಧಾನಕ್ಕೇ ಹೊಂದುವ ಹಾಗೆ ಆಟ ಕಟ್ಟಿರುತ್ತಾರೆ. ಅದನ್ನು ಈಗಿನ ಕಂಪ್ಯೂಟರಿಗೆ ಹಾಕಿದರೆ ಎತ್ತಿನ ಗಾಡಿಗೆ ಬಸ್ಸಿನ ಇಂಜಿನ್ ಕಟ್ಟಿದಂತೆ.

ಕೋಟೆಯೊಳಗೆ ಅಮ್ಮನ ಗುಡಿ ಇದೆ. ಒಬ್ಬ ಪೂಜಾರಿ ಗುಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತಾನೆ. ಅವನು ಗುಡಿಯ ಹಿಂದಕ್ಕೆ ಹೋದಾಗ ಹುಡುಗ ಒಳಗೆ ನುಗ್ಗಬೇಕು. ಮೊದಲ ಸಲ ಆಟ ಹಚ್ಚಿದಾಗ ಪೂಜಾರಿ ಕಾಣಲೇ ಇಲ್ಲ. ಗುಡಿಯ ಸುತ್ತ ಬಿಳಿ ಬಳೆ ತೊಡಿಸಿದಂತೆ ಏನೋ ಗಿರ್ರನೆ ತಿರುಗುತ್ತಿತ್ತು. "ಅದೇ ಪೂಜಾರಿ ಗುರುಗಳೇ" ಎಂದ ಇಂಜಿನಿಯರು.

ಏನೋ ಮಾಡಿ ನಿಧಾನ ಮಾಡಿದ. ಈಗ ಪೂಜಾರಿ ಒಂದು ಕಾಲೆತ್ತಿ ನಿಂತ. ನಾನು ಮನೆಗೆ ಹೋಗಿ ಊಟ ಮಾಡಿ ಬಂದೆ. ಅವನು ಆ ಕಾಲನ್ನು ಇನ್ನೂ ಇಳಿಸುತ್ತಿದ್ದ.

"ಕರೆಕ್ಟಾಗಿ ಎಷ್ಟು ಸ್ಪೀಡ್ ಇರ್ಬೇಕು ಗುರುಗಳೇ?"

ಅದಕ್ಕೇನು, ನೋಡಿ ಬಂದರಾಯಿತು ಎಂದು ನಮ್ಮ ಬೀದಿಯ ಗುಡಿಗೆ ಕರೆದುಕೊಂಡು ಹೋದೆ. ನಾನು ಭಕ್ತಿಯಿಂದ ಪ್ರದಕ್ಷಿಣೆ ಹಾಕಿದೆ, ಅವನು ಫೋನ್ ಹಿಡಿದು ಹಿಂದೆ ಹಿಂದೆ ಬಂದ. ಸ್ವಲ್ಪ ಬೇಗ ಅಂದ, ಬೇಗ ಹಾಕಿದೆ. ನಿಧಾನ ಅಂದ, ನಿಧಾನ ಹಾಕಿದೆ. ನಮ್ಮ ಪೂಜಾರಪ್ಪ ಈಚೆ ಬಂದು ನಿಂತರು.

"ಏನು ಹರಕೆನಪ್ಪಾ ಇದು?"

"ಸ್ಪೀಡ್ ಟೆಸ್ಟು ಸ್ವಾಮಿ" ಎಂದು ಇಂಜಿನಿಯರು ಮೊದಲು ಗಿರ್ರನೆ ತಿರುಗುತ್ತಿದ್ದ ಪೂಜಾರಿಯನ್ನು ಫೋನಿನಲ್ಲಿ ತೋರಿಸಿ, ಇದನ್ನು ಸರಿ ಮಾಡಬೇಕಾಗಿದೆ ಎಂದು ವಿವರಿಸಿದ.

ಪೂಜಾರಪ್ಪ ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಇದನ್ನ ಯಾಕೆ ಸರಿ ಮಾಡ್ತೀರಿ? ಶ್ರಾವಣ ಶನಿವಾರಕ್ಕೆ ಇಂಥೋನೊಬ್ಬ ನಂಗೆ ಬೇಕಾಗಿತ್ತಲ್ಲ!"

ಚಪ್ಪಲಿ

ಆಟದಲ್ಲಿ ಕಂಡ ತಪ್ಪುಗಳನ್ನೆಲ್ಲ ನಾನು ಇಂಜಿನಿಯರಿಗೆ ಹೇಳಬೇಕು. ಅವರ ಮಾತಿನಲ್ಲಿ ಅದಕ್ಕೆ ಬಗ್ ಅನ್ನುತ್ತಾರೆ. ಗುಡಿಯೊಳಗೆ ಹೋದ ಮೊದಲ ದಿನವೇ ಹೇಳಿದೆ.

"ಹುಡುಗ ಚಪ್ಪಲಿ ಹಾಕ್ಕೊಂಡು ಒಳಗೆ ಹೋಗ್ತಾನೆ."

"ಅದು ಬಗ್ಗಾ ಗುರುಗಳೇ?"

"ಬಗ್ ಅಲ್ಲ. ಅಪಚಾರ."

ಅವನು ನಕ್ಕು ಸುಮ್ಮನಾದ. ನಾನು ಮರುದಿನವೂ ಹೇಳಿದೆ. ಅದರ ಮರುದಿನವೂ ಹೇಳಿದೆ. ಕಡೆಗೆ ಮೇಡಂ ಮಧ್ಯೆ ಬಂದರು. "ಮಾಡ್ಕೊಟ್ಬಿಡಪ್ಪಾ. ನಮ್ಮಲ್ಲೂ ಮಸೀದಿಗೆ ಯಾರೂ ಹಾಗೆ ಹೋಗಲ್ಲ. ಅಣ್ಣ ಹೇಳೋದು ಸರಿ."

ಪಾಪ, ಹುಡುಗನ ಕಾಲು ಚಪ್ಪಲಿ ಸಮೇತ ಬರೆದ ಚಿತ್ರ. ಇಂಜಿನಿಯರು ಬರಿಗಾಲು ಬೇರೆ ಬರೆದ, ಮೆಟ್ಟಿಲ ಪಕ್ಕದಲ್ಲಿ ಬಿಟ್ಟ ಚಪ್ಪಲಿಗೆ ಬೇರೆ ಚಿತ್ರ ಬರೆದ. ಗೊಣಗುತ್ತಾ ಎರಡು ದಿನ ಅದೇ ಕೆಲಸ ಮಾಡಿದ. ನಾನು ಪರೀಕ್ಷೆ ಮಾಡಿದೆ. ಹುಡುಗ ಚಪ್ಪಲಿ ಬಿಟ್ಟ, ಒಳಗೆ ಹೋದ, ಕೈ ಮುಗಿದ, ಈಚೆ ಬಂದ. ಮೆಟ್ಟಿಲ ಬಳಿ ಚಪ್ಪಲಿ ಇಲ್ಲ! ಮತ್ತೆ ಮಾಡಿದೆ. ಮತ್ತೆ ಇಲ್ಲ. ಎಲ್ಲೋ ಏನೋ ಬರೆಯುವುದು ಬಿಟ್ಟುಹೋಗಿ, ಹುಡುಗ ಒಳಗೆ ಹೋದ ಕೂಡಲೇ ಚಪ್ಪಲಿ ಮಾಯವಾಗುತ್ತಿತ್ತು.

ಇಂಜಿನಿಯರು ತಲೆ ಮೇಲೆ ಕೈ ಹೊತ್ತು ಕೂತ. "ಆಯ್ತು ಬಿಡಿ ಗುರುಗಳೇ, ಇವತ್ತೇ ಸರಿ ಮಾಡ್ತೀನಿ."

"ಬೇಡಪ್ಪಾ" ಎಂದೆ. "ಈಗ ಇದು ನಿಜವಾದ ಗುಡಿ ಥರಾನೇ ಇದೆ."

ಗುಡಿಯಲ್ಲಿ ಕೆಲಸ

ಮುಂದಿನದು ಕಷ್ಟದ ಜಾಗ. ಗುಡಿಯ ಕಂಬದ ಮೇಲೆ ಒಂದು ಬರಹ ಇದೆ: ಅಮ್ಮನ ಮೂಗುತಿಯ ಹರಳು ತೂಬಿನ ಬೀಗಕ್ಕೆ ಕೂತರೆ ನೀರು. ಬೆರಳಿಟ್ಟು ಓದಿದೆ. ಓದಿದ ಕೂಡಲೇ ಅರ್ಥವೂ ಆಯಿತು. ಮೂಗುತಿಯ ಮೇಲೆ ಮೌಸ್ ಇಟ್ಟು 'ತೆಗೆದುಕೊ' ಎಂದು ಒತ್ತಬೇಕು, ಅಷ್ಟೆ.

ಅಷ್ಟೆ ಅಂದರೆ ಆಯಿತೇ? ಅಮ್ಮನ ಮೈಮೇಲಿನ ಒಡವೆ. ನನ್ನ ಬೆರಳು ಮೇಲೇಳಲಿಲ್ಲ.

ಬೇರೆ ದಾರಿ ಇರಬಹುದು ಎಂದುಕೊಂಡೆ. ಕೇಳುವುದಕ್ಕಿಂತ ಮೊದಲು ಕೊಡಬೇಕಲ್ಲವೇ? ಹುಡುಗನ ಹತ್ತಿರ ಇದ್ದ ತೆಂಗಿನಕಾಯಿ ಒಪ್ಪಿಸಿದೆ. ಏನೂ ಆಗಲಿಲ್ಲ. ಮರುದಿನ ಸ್ನಾನ ಮಾಡಿ ಬಂದು ಬಾಳೆಹಣ್ಣು ಒಪ್ಪಿಸಿದೆ. ಅಮ್ಮ ಸುಮ್ಮನಿದ್ದಳು. ಆಮೇಲೆ ಪಂಜು, ಹಗ್ಗ, ಕುಡುಗೋಲು, ಕೊಡ, ಕಂಬಳಿ. ದಿನಾ ಸಂಜೆ ಮೇಡಂ ಕೇಳುತ್ತಿದ್ದರು.

"ಎಲ್ಲಿಗೆ ಬಂತು ಅಣ್ಣಾ?"

"ಗುಡಿಯಲ್ಲಿ ಕೆಲಸ ನಡೀತಾ ಇದೆ ತಾಯಿ."

ಹೀಗೇ ಕೆಲವು ದಿನ ಕೇಳಿದ ಮೇಲೆ ಮೇಡಂಗೆ ತಡೆಯಲಾಗಲಿಲ್ಲ. "ಏನಣ್ಣಾ ಅಷ್ಟು ಕೆಲಸ? ಜೀರ್ಣೋದ್ಧಾರ ಮಾಡಿಸ್ತಾ ಇದ್ದೀರಾ?"

ನಿಜ ಹೇಳಲು ಬಾಯಿ ಬರಲಿಲ್ಲ. ಶೆಡ್ಡಿನ ಬಾಗಿಲಿಗೂ ಕುರ್ಚಿಗೂ ನಡುವೆ ಓಡಾಡುತ್ತಿದ್ದೆ. ಆಟ ಬಿಡುವ ದಿನ ಹತ್ತಿರ ಬರುತ್ತಿತ್ತು. ಮುಂದಿನ ಅರ್ಧ ಸರಿಯಿದೆಯೋ ಇಲ್ಲವೋ ದೇವರಿಗೇ ಗೊತ್ತು. ದೇವರೇ ದಾರಿಗೆ ಅಡ್ಡ ಕೂತಿದ್ದಾಳೆ.

ಅಂಥದ್ದರಲ್ಲಿ ಆವತಿಯ ಹಿರಿಯರು ಹೇಳದೆ ಕೇಳದೆ ಬಂದುಬಿಟ್ಟರು. ನೇರ ನನ್ನ ಕುರ್ಚಿಯಲ್ಲಿ ಕೂತು, ನಾನು ಬಿಟ್ಟಿದ್ದ ಕಡೆಯಿಂದಲೇ ಆಟ ತೆರೆದರು. ಅಮ್ಮನ ಮುಂದೆ ಕುತ್ತಿಗೆಯ ತನಕ ರಾಶಿ. ಕಾಯಿ, ಹಣ್ಣು, ಹಗ್ಗ, ಕುಡುಗೋಲು, ಕೊಡ, ಕಂಬಳಿ, ಮೇಲೆ ಕಿರೀಟದ ಹಾಗೆ ಏಣಿ. ಹುಡುಗನ ಕೈಯಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ.

ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನನ್ನ ಆಟದ ಆಸ್ತಿನೆಲ್ಲ ಗುಡಿಗೆ ಬರ್ಕೊಟ್ಟೋರು ಯಾರ್ರೀ?"

ಯಾರು ಒತ್ತುವವರು

ಎಲ್ಲರೆದುರಿಗೆ ಹೇಳಲೇಬೇಕಾಯಿತು. "ಸಾರ್, ಅಮ್ಮನ ಮೂಗುತಿಗೆ ಕೈ ಹಾಕೋಕೆ ಆಗ್ಲಿಲ್ಲ."

ಇಂಜಿನಿಯರು ಹೊಟ್ಟೆ ಹಿಡಿದುಕೊಂಡು ನಕ್ಕ. ಹಿರಿಯರು ನಗಲಿಲ್ಲ. ಆಟವನ್ನು ಮೊದಲಿಂದ ಶುರು ಮಾಡಿ, ಬೆಟ್ಟ ಹತ್ತಿ, ಪೂಜಾರಿಯನ್ನು ದಾಟಿ, ಚಪ್ಪಲಿ ಬಿಟ್ಟು, ಸರಸರನೆ ಗುಡಿಯೊಳಗೆ ಬಂದರು. ಮೂಗುತಿಯ ಮೇಲೆ ಮೌಸ್ ಇಟ್ಟರು. ಅಲ್ಲೇ ಕೈ ನಿಂತಿತು.

"ಒತ್ತಿ ಸಾರ್" ಎಂದರು ಮೇಡಂ.

ಹಿರಿಯರು ಕೈ ಹಿಂದಕ್ಕೆ ತೆಗೆದುಕೊಂಡರು. "ನಿಜ ಹೇಳ್ತೀನಮ್ಮಾ. ಆವತ್ತೂ ನಾನು ಇದನ್ನ ಒತ್ತಿರಲಿಲ್ಲ. ನಮ್ಮವ್ವ ಹಿಂದೆ ನಿಂತು ನೋಡ್ತಿದ್ಲು. ಬರೆಯೋವಾಗ ಏನೂ ಅನ್ನಿಸಿರಲಿಲ್ಲ, ಒತ್ತೋವಾಗ ಆಗ್ಲಿಲ್ಲ."

"ಅಂದ್ರೆ ಕೊನೇಲಿ ನೀರು ಬರೋದನ್ನ ನೀವೂ ನೋಡಿಲ್ವಾ?"

"ಬರೆದಿದ್ದೀನಲ್ಲ, ಬರುತ್ತೆ ಅಂತ ನಂಬ್ಕೊಂಡಿದ್ದೀನಿ."

ಆಟ ಮಾಡಿದವರೇ ನೋಡದ ಕೊನೆ! ಮೇಡಂ ಇಂಜಿನಿಯರ ಕಡೆ ತಿರುಗಿದರು. "ನೀನು ಒತ್ತಪ್ಪಾ. ಇಷ್ಟೊತ್ತು ನಗ್ತಿದ್ಯಲ್ಲ."

ಅವನ ನಗು ಎಲ್ಲಿ ಹೋಯಿತೋ. "ಮೇಡಂ, ಇವತ್ತು ಶುಕ್ರವಾರ."

"ಆದ್ರೆ?"

"ನಾಳೆ ಮಾಡೋಣ."

"ನಾಳೆ ಶನಿವಾರ ಅಂತೀಯ."

"ಅದೂ ಇದೆ."

ಎಲ್ಲರ ಕಣ್ಣೂ ಮೆಲ್ಲಗೆ ಮೇಡಂ ಕಡೆಗೆ ಹೋದವು. ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇ ಬಿಟ್ಟರು.

"ಯಾ ಅಲ್ಲಾ, ನನ್ನ ಯಾಕೆ ನೋಡ್ತೀರಾ ಎಲ್ಲಾರೂ? ನೀವು ಮುಟ್ಟಿದ್ರೆ ಆಟ. ನಾನು ಮುಟ್ಟಿದ್ರೆ ಪೇಪರಲ್ಲಿ ಬರುತ್ತೆ!"

ಅಷ್ಟರಲ್ಲಿ ಟೀ ತಂದ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಹಿರಿಯರನ್ನು ಒಂದೇ ಪ್ರಶ್ನೆ ಕೇಳಿದಳು.

"ನೀರು ಬಂದ್ಮೇಲೆ ಮೂಗುತಿ ವಾಪಸ್ ಕೊಡ್ತೀರಾ?"

ಹಿರಿಯರು ತಲೆ ಕೆರೆದುಕೊಂಡರು. "ಅದನ್ನ ಬರೆದಿಲ್ಲಮ್ಮಾ."

"ಅದಕ್ಕೇ ಯಾರಿಗೂ ಕೈ ಬರ್ತಿಲ್ಲ. ಬಾವಿ ಹಗ್ಗ ಇಸ್ಕೊಂಡ್ರೂ ವಾಪಸ್ ಕೊಡ್ತೀವಿ. ಕೇಳಿ ಇಸ್ಕೊಳ್ಳಿ, ಕೆಲಸ ಮುಗಿದ್ಮೇಲೆ ಕೊಡಿ. ಹೆಣ್ಣುಮಕ್ಕಳ ಒಡವೆ ಅದು!"

ಹೂ

ಕೇಳಿ ತೆಗೆದುಕೊಳ್ಳುವುದು ಹೇಗೆ ಎಂಬುದಕ್ಕೆ ನಮ್ಮಲ್ಲಿ ಕ್ರಮ ಇದೆ. ದೇವರ ಮುಂದೆ ಕೈ ಮುಗಿದು ಕೇಳಿಕೊಳ್ಳುವುದು; ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಇಲ್ಲ. ಹಿರಿಯರೂ ಒಪ್ಪಿದರು. ಇಂಜಿನಿಯರು ಆಟದಲ್ಲಿ ಅದನ್ನೂ ಸೇರಿಸಿದ. ಅಮ್ಮನ ಮುಡಿಯ ಎರಡೂ ಕಡೆ ಮಲ್ಲಿಗೆ ಬರೆದ. 'ಕೇಳು' ಎಂದು ಒತ್ತಿದರೆ ಒಂದು ಹೂ ಬೀಳುತ್ತದೆ. ಬಲಕ್ಕೆ ಬಿದ್ದರೆ ಮಾತ್ರ ಮೂಗುತಿ ಕೈಗೆ ಬರುತ್ತದೆ. ನೀರು ಬಂದ ಮೇಲೆ ಅದನ್ನು ಅಮ್ಮನಿಗೆ ಮರಳಿ ತೊಡಿಸಿದರೆ ಆಟ ಮುಗಿಯುತ್ತದೆ.

"ಯಾವ ಕಡೆ ಬೀಳುತ್ತೆ ಅಂತ ನಿನಗೆ ಗೊತ್ತೇನಪ್ಪಾ?" ಎಂದು ಕೇಳಿದೆ.

"ಇಲ್ಲ ಗುರುಗಳೇ. ಕಂಪ್ಯೂಟರ್ ಒಳಗೇ ಚೀಟಿ ಎತ್ತಿದಂಗೆ. ಯಾರಿಗೂ ಗೊತ್ತಿರಲ್ಲ."

ಯಾರಿಗೂ ಗೊತ್ತಿಲ್ಲದ ಮೇಲೆ ಅದು ಅಮ್ಮನಿಗೆ ಬಿಟ್ಟದ್ದು ಎಂದು ನನಗೆ ಸಮಾಧಾನವಾಯಿತು.

ಸ್ನಾನ ಮಾಡಿ ಬಂದು ಕೇಳಿದೆ. ಹೂ ಎಡಕ್ಕೆ ಬಿತ್ತು. ಇನ್ನೊಂದು ಸಲ ಒತ್ತಿ ಎಂದ ಇಂಜಿನಿಯರು. ಅಮ್ಮನನ್ನು ಹಾಗೆ ಪೀಡಿಸಬಾರದು, ದಿನಕ್ಕೆ ಒಂದೇ ಸಲ ಎಂದೆ. ಮರುದಿನ ಕೇಳಿದೆ. ಎಡಕ್ಕೆ. ಅದರ ಮರುದಿನ ಮನೆಯಲ್ಲಿ ತುಪ್ಪದ ದೀಪ ಹಚ್ಚಿ ಬಂದು ಕೇಳಿದೆ. ಎಡಕ್ಕೇ. ಮೇಡಂ ಬೆರಳಿನ ಉಗುರು ಕಚ್ಚುತ್ತಿದ್ದರು. ನಾನು ಊಟಕ್ಕೆ ಕೂರುವುದನ್ನೇ ಬಿಟ್ಟು, ತಟ್ಟೆ ಕೈಯಲ್ಲಿ ಹಿಡಿದು ನಡೆಯುತ್ತಾ ಉಣ್ಣುತ್ತಿದ್ದೆ.

ಆಟ ಬಿಡಬೇಕಾದ ದಿನದ ಹಿಂದಿನ ದಿನ ಹಿರಿಯರು ಬಂದರು. ಮನೆಯಿಂದ ತಂದ ಕುಂಕುಮವನ್ನು ಕಂಪ್ಯೂಟರಿಗೆ ಇಡಲು ಹೋದರು. ಇಂಜಿನಿಯರು ಅಡ್ಡ ಬಂದು ತನ್ನ ಹಣೆ ಒಡ್ಡಿದ. ಹಿರಿಯರೇ ಕೈ ಮುಗಿದು ಕೇಳಿದರು. ನಾವೆಲ್ಲ ಹಿಂದೆ ನಿಂತು ನೋಡಿದೆವು.

ಮಲ್ಲಿಗೆ ಅಲುಗಾಡಿತು. ಎಡಕ್ಕೆ ಬಿತ್ತು.

ಹಿರಿಯರು ನಿಟ್ಟುಸಿರು ಬಿಟ್ಟರು. "ಅಮ್ಮನಿಗೆ ಇಷ್ಟ ಇಲ್ಲ ಅನ್ಸುತ್ತೆ. ಬಿಟ್ಬಿಡೋಣಮ್ಮಾ."

ಇಂಜಿನಿಯರು ನನ್ನ ಕಿವಿಯ ಹತ್ತಿರ ಬಂದ. "ಗುರುಗಳೇ, ಯಾವಾಗ್ಲೂ ಬಲಕ್ಕೇ ಬೀಳೋ ಥರ ಮಾಡ್ಬಿಡ್ತೀನಿ. ಒಂದೇ ಲೈನು."

"ಅಮ್ಮನ ಕೈ ತಿರುಚಿ ಹೂ ಕೊಡಿಸ್ತೀಯೇನೋ?" ನಾನೂ ಹಿರಿಯರೂ ಒಟ್ಟಿಗೇ ಗದರಿದೆವು.

ಮೇಡಂ ಮೇಜಿನ ಡ್ರಾಯರಿನಿಂದ ಶೆಡ್ಡಿನ ಬೀಗದ ಕೈ ತೆಗೆದು, ನನ್ನ ಕೈಗೆ ಕೊಡಲೋ ಬೇಡವೋ ಎಂಬಂತೆ ಹಿಡಿದುಕೊಂಡರು. ನನ್ನೊಳಗಿನ ಲಾಳಿ ಎದ್ದಿತು, ಬಾಗಿಲಿನ ತನಕ ಹೋಗಿ ಬಂದೆ. ಅವರು ಪರದೆಯ ಮೇಲಿನ ಅಮ್ಮನನ್ನೇ ನೋಡುತ್ತಾ ನಿಂತಿದ್ದವರು, ಮೆಲ್ಲಗೆ ಕೇಳಿದರು.

"ಅಣ್ಣಾ, ನಂಗೆ ಗೊತ್ತಿಲ್ಲ, ತಪ್ಪು ತಿಳ್ಕೋಬೇಡಿ. ಬಲಗಡೆ ಅಂದ್ರೆ ಯಾರ ಬಲಗಡೆ? ನಮ್ದಾ, ಅಮ್ಮಂದಾ?"

ಹಿರಿಯರು ಎದ್ದು ನಿಂತು, ಪರದೆಗೆ ಬೆನ್ನು ಮಾಡಿ, ಅಮ್ಮನ ಹಾಗೆ ನಮ್ಮ ಕಡೆ ಮುಖ ತಿರುಗಿಸಿ, ತಮ್ಮ ಬಲಗೈ ಎತ್ತಿದರು. ಆ ಕೈ ನಮ್ಮ ಎಡಕ್ಕೆ ಇತ್ತು. ಹೂ ಬಿದ್ದಿದ್ದ ಕಡೆಗೇ.

"ಅಮ್ಮಂದೇ" ಎಂದರು.

ಇಂಜಿನಿಯರು ನನ್ನ ಮೇಲೆ ಹಾರಿದ. "ಗುರುಗಳೇ! ಬಲಗಡೆ ಅಂದ್ರೆ ಈ ಕಡೆ ತಾನೇ ಅಂತ ಕೈ ತೋರ್ಸಿ ಕೇಳಿದ್ನಲ್ಲ! ದಿನಾ ಗುಡಿಗೆ ಹೋಗ್ತೀರಿ, ನೋಡಿಲ್ವಾ?"

"ಹೂ ಬೀಳೋವಾಗ ನಾನು ಕಣ್ಣು ಮುಚ್ಕೊಂಡು ಕೈ ಮುಗ್ದಿರ್ತೀನಪ್ಪಾ. ಬಲಗಡೆ ಆಯ್ತು ಅಂತ ಹೇಳೋರು ಪೂಜಾರಪ್ಪ."

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. "ಅಂದ್ರೆ ಅಮ್ಮ ದಿನಾ ತಗೊಳ್ರೋ ಅಂತಿದ್ದಾಳೆ, ನಿಮ್ಮ ಕಂಪ್ಯೂಟ್ರು ಬೇಡ ಅಂತಿದೆ!"

ಇಂಜಿನಿಯರು ಕೂತಲ್ಲೇ ಅದನ್ನು ಅದಲುಬದಲು ಮಾಡಿದ. ಇನ್ನೊಮ್ಮೆ ಕೇಳಿ ಎಂದದ್ದಕ್ಕೆ ಹಿರಿಯರು ಒಪ್ಪಲಿಲ್ಲ. ಕೊಟ್ಟ ಮಾತನ್ನು ಮತ್ತೆ ಕೇಳುವುದು ಮರ್ಯಾದೆಯಲ್ಲ ಎಂದರು. ಬಿದ್ದ ಹೂವನ್ನೇ ಅಪ್ಪಣೆ ಎಂದು ತೆಗೆದುಕೊಂಡು, ಕಣ್ಣು ಮುಚ್ಚಿ, 'ತೆಗೆದುಕೊ' ಒತ್ತಿದರು.

ಮೂಗುತಿ ಬಂತು. ಹುಡುಗ ಓಡಿದ. ಹರಳು ಬೀಗಕ್ಕೆ ಕೂತಿತು. ಮೊದಲು ಒಂದು ನೀಲಿ ಗೆರೆ, ಆಮೇಲೆ ಇನ್ನೊಂದು, ಆಮೇಲೆ ಬೆಟ್ಟದ ಮೈಮೇಲೆಲ್ಲ ನೀರು. ಕೆಳಗಿನ ಊರಿನಲ್ಲಿ ಪುಟ್ಟ ಪುಟ್ಟ ಹೆಂಗಸರು ಕೊಡ ಹಿಡಿದು ಮನೆಯಿಂದ ಈಚೆ ಬಂದರು. ಹಿರಿಯರು ಕಣ್ಣು ಬಿಟ್ಟು ಸುಮ್ಮನೆ ನೋಡುತ್ತಿದ್ದರು. ಅದರಲ್ಲೊಬ್ಬಳನ್ನು ತೋರಿಸಿ, "ಇವಳು ನಮ್ಮವ್ವ, ಬರೆದಿದ್ದೆ" ಎಂದರು. ಮೇಡಂ ಬೀಗದ ಕೈಯನ್ನು ಡ್ರಾಯರಿಗೆ ಎಸೆದು ಕಣ್ಣೊರೆಸಿಕೊಂಡರು. ನಾನಂತೂ ಎಷ್ಟೋ ಕಾಲದ ಮೇಲೆ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದೆ.

"ನೀರು ನೋಡ್ತಾ ಮೈ ಮರೀಬೇಡಿ" ಎಂದಳು ನನ್ನ ಹೆಂಡತಿ. "ಮೂಗುತಿ ವಾಪಸ್ ಕೊಡಿ ಮೊದ್ಲು."

ಕೊಟ್ಟೆವು. ಹಿರಿಯರು ಸಹಿ ಹಾಕಿದರು. ಮರುದಿನ ಆಟ ಹೊರಗೆ ಹೋಯಿತು. ಜನ ಆಡಿದರು, ನೀರು ನೋಡಿದರು, ಶೆಡ್ಡು ಉಳಿಯಿತು.

ಮೊದಲ ದೂರು ಬಂದದ್ದು ಎಲ್ಲೋ ದೂರದ ಊರಿನ ಒಬ್ಬರಿಂದ. ನಿಮ್ಮ ಆಟದಲ್ಲಿ ದೋಷವಿದೆ, ಎಷ್ಟು ಸಲ ಕೇಳಿದರೂ ಹೂ ಅಮ್ಮನ ಎಡಕ್ಕೇ ಬೀಳುತ್ತಿದೆ, ದಯವಿಟ್ಟು ಸರಿಪಡಿಸಿ ಎಂದು ಬರೆದಿದ್ದರು. ಇಂಜಿನಿಯರು ಊಟಕ್ಕೆ ಹೋಗಿದ್ದ. ಉತ್ತರ ಕೊಡಲು ಉಳಿದವನು ನಾನೊಬ್ಬನೇ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ:

"ಆಟ ಸರಿಯಾಗಿದೆ. ಇವತ್ತಿಗೆ ಬಿಡಿ. ನಾಳೆ ಬೆಳಿಗ್ಗೆ ಸ್ನಾನ ಮಾಡಿ ಬಂದು ಒಂದೇ ಸಲ ಕೇಳಿ."

ವಿಷಯ ತಿಳಿದ ಇಂಜಿನಿಯರು, ಗಿರಾಕಿಗೆ ಸ್ನಾನ ಮಾಡು ಅಂತ ಬರೆಯೋದಾ, ಮಾನ ಹೋಯಿತು ಎಂದು ಕೂಗಾಡಿದ. ಮೇಡಂ ತಲೆ ಹಿಡಿದುಕೊಂಡರು. ಮರುದಿನ ಬೆಳಿಗ್ಗೆ ಆ ಗಿರಾಕಿಯಿಂದ ಉತ್ತರ ಬಂದಿತ್ತು.

"ಮಾಡಿದೆ. ಬಿತ್ತು. ಬಹಳ ಉಪಕಾರವಾಯಿತು."

ಅವತ್ತಿನಿಂದ ಯಾವ ದೂರು ಬಂದರೂ ಇಂಜಿನಿಯರು ಉತ್ತರ ಬರೆಯುವ ಮೊದಲು ನನ್ನ ಕಡೆ ತಿರುಗಿ ಕೇಳುತ್ತಾನೆ:

"ಗುರುಗಳೇ, ಇದಕ್ಕೆ ಏನಂತ ಬರೀಲಿ? ರೀಸ್ಟಾರ್ಟಾ, ಸ್ನಾನಾನಾ?"